ಬೆನ್ನು ತೋರಿಸಿದ ಬಾಟಲಿ

ಮಾರ್ಚ್ ೩, ಸೋಮವಾರ

ಜ್ವರ ಬಿಟ್ಟು ಹೋಯಿತು, ಹೋಗುವಾಗ ನನ್ನ ಮೂಗನ್ನೂ ಕರೆದುಕೊಂಡು ಹೋಯಿತು. ಕನ್ನಡಿಯಲ್ಲಿ ನೋಡಿದರೆ ಮೂಗು ಇದ್ದಲ್ಲೇ ಇದೆ, ಕೆಲಸಕ್ಕೆ ಮಾತ್ರ ಬರುತ್ತಿಲ್ಲ. ಡಾಕ್ಟರು ದೀಪ ಹಾಕಿ ಒಳಗೆಲ್ಲ ಇಣುಕಿ, "ನರಕ್ಕೆ ಪೆಟ್ಟಾಗಿದೆ. ವಾಪಸ್ ಬರಬಹುದು, ಬರದೇನೂ ಇರಬಹುದು" ಅಂದರು. ಇಷ್ಟು ಹೇಳಲು ದೀಪ ಯಾಕೆ ಬೇಕಿತ್ತೋ. ಬೆಳಿಗ್ಗೆ ಸಂಜೆ ನಾಲ್ಕು ವಸ್ತುಗಳನ್ನು ಮೂಸಬೇಕಂತೆ, ಮೂಸುವಾಗ ಹಳೆಯ ವಾಸನೆಯನ್ನು ನೆನಪು ಮಾಡಿಕೊಳ್ಳಬೇಕಂತೆ. ನಿಂಬೆ, ಪುದೀನ, ಬಾದಾಮಿ, ರಮ್ ಇಟ್ಟುಕೊಂಡಿದ್ದೇನೆ. ನಾಲ್ಕೂ ನನಗೆ ಬರೀ ಗಾಳಿ.

ಯಾರಿಗೂ ಹೇಳಿಲ್ಲ. ಹೇಳಿದರೆ ಕೆಲಸ ಹೋದಂತೆಯೇ. ಹೋಟೆಲಿನ ಬಾರ್ ಮುಖ್ಯಸ್ಥೆ ವಾಸನೆ ತಿಳಿಯದವಳು ಅಂದರೆ ಕುರುಡ ಬಣ್ಣದಂಗಡಿ ಇಟ್ಟ ಹಾಗೆ. ಸಿಹಿ, ಹುಳಿ, ಕಹಿ, ಉಪ್ಪು ನಾಲಿಗೆಗೆ ಇನ್ನೂ ಗೊತ್ತಾಗುತ್ತವೆ. ಉಳಿದದ್ದೆಲ್ಲ ಮೂಗಿನ ದುಡಿಮೆ ಎಂದು ಈಗ ತಿಳಿಯಿತು. ಹಳೆಯ ರಮ್ಮೂ ಹೊಸ ರಮ್ಮೂ ನನಗೀಗ ಒಂದೇ, ಗಂಟಲಲ್ಲಿ ಉರಿ ಅಷ್ಟೇ.

ಇವತ್ತು ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆ. ಮಾವ ಒಳಗಿನ ಕೋಣೆಯಿಂದ ಓಡಿ ಬಂದ.

"ಹಾಲು ಸೀದು ಇದ್ದಿಲಾಗಿದೆ! ಇಲ್ಲೇ ಕೂತಿದ್ದೀಯಲ್ಲೇ, ಮೂಗು ಎಲ್ಲಿಟ್ಟಿದ್ದೀಯ?"

"ಓದ್ತಾ ಇದ್ದೆ ಮಾವ."

"ಓದೋದು ಕಣ್ಣಲ್ಲಿ ಕಣೇ."

ಮಾವ ಅಮ್ಮನ ತಮ್ಮ. ಈಗ ನಾನು ನಿಲ್ಲುವ ಕೌಂಟರಿನ ಹಿಂದೆ ನನಗಿಂತ ಮೊದಲು ನಿಂತವನು. ನನಗೆ ಕೆಲಸ ಕಲಿಸಿದ್ದು ಅವನೇ. ಅವನ ಮೊದಲ ಪಾಠ: ಗ್ಲಾಸಿಗೆ ಸ್ಟ್ರಾ ಅದ್ದು, ಮೇಲಿನ ತುದಿಯನ್ನು ಬೆರಳಲ್ಲಿ ಮುಚ್ಚು, ಒಂದು ತೊಟ್ಟು ನಾಲಿಗೆಗೆ ಬಿಡು. ಆ ತೊಟ್ಟು ನೋಡದೆ ಯಾವ ಗ್ಲಾಸೂ ಕೌಂಟರ್ ದಾಟಬಾರದು. ಈಗಲೂ ಅದ್ದುತ್ತೇನೆ, ಬೆರಳು ಒತ್ತುತ್ತೇನೆ, ತಲೆಯಾಡಿಸುತ್ತೇನೆ. ಎಲ್ಲ ನಾಟಕ.

ಮಾರ್ಚ್ ೬, ಗುರುವಾರ

ನಮ್ಮ ಮ್ಯಾನೇಜರರ ಸೆಂಟು ಅವರಿಗಿಂತ ನಾಲ್ಕು ಮಾರು ಮುಂದೆ ನಡೆಯುತ್ತದೆ. ಅದು ಮೂಲೆ ತಿರುಗಿತು ಅಂದರೆ ನಾವೆಲ್ಲ ಒರೆಸುವ ಬಟ್ಟೆ ಹಿಡಿದು ದುಡಿಯುವವರಾಗುತ್ತಿದ್ದೆವು. ಈಗ ನನಗೆ ಆ ಮುನ್ಸೂಚನೆ ಇಲ್ಲ. ಇವತ್ತು ಕಾಲು ಚಾಚಿ ಕೂತಿದ್ದಾಗ ಬೆನ್ನ ಹಿಂದೆಯೇ ಕೆಮ್ಮಿದರು.

"ಆರಾಮಾಗಿದ್ದೀರಾ ಮೇಡಂ? ಒಂದು ವಿಷ್ಯ ಮಾತಾಡಬೇಕಿತ್ತು."

ವಿಷಯ ಇದು. ಹೋಟೆಲಿನ ಒಡತಿಗೆ ಬಾರು ಮುಚ್ಚಿ ಕಾಫಿ ಕೌಂಟರ್ ಮಾಡುವ ಆಲೋಚನೆ ಬಂದಿದೆ. ಅದಕ್ಕೆ ಮೊದಲು ಒಂದು ಸಂಜೆ ಬಂದು ನೋಡುತ್ತಾರಂತೆ. ಅವತ್ತು ನಾವು ಮಾಯ್ ಟಾಯ್ ಎಂಬ ರಮ್ ಪಾನೀಯದ ಹುಟ್ಟಿನಿಂದ ಇವತ್ತಿನವರೆಗಿನ ಕಥೆಯನ್ನು ಗ್ಲಾಸುಗಳಲ್ಲಿ ಹೇಳಬೇಕು. ಆಹ್ವಾನಿತರು ತುಂಬಿರುತ್ತಾರೆ. ಮೆಚ್ಚಿದರೆ ಬಾರು ಉಳಿಯುತ್ತದೆ, ಇಲ್ಲದಿದ್ದರೆ ನಾನು ಕಾಫಿ ಸೋಸಬೇಕು ಅಥವಾ ಮನೆಗೆ ಹೋಗಬೇಕು.

ಬೇರೆ ಯಾವ ಪಾನೀಯ ಹೇಳಿದ್ದರೂ ನಿಂಬೆ ಸಕ್ಕರೆ ಲೆಕ್ಕದಲ್ಲಿ ದಾಟಿಬಿಡುತ್ತಿದ್ದೆ. ಇದು ಪೂರ್ತಿ ರಮ್ಮಿನ ಪರಿಮಳ ಮತ್ತು ಬಾದಾಮಿಯ ಮೇಲೆ ನಿಂತಿರುವುದು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ನನಗೆ ಮೂಗೇ ಇಲ್ಲದಾಗ ಮೂಗುತಿ ಬಂತು.

ಮಾರ್ಚ್ ೮, ಶನಿವಾರ

ಮಾವನಿಗೆ ಸಂಜೆಯ ವಿಷಯ ಹೇಳಿದೆ, ಮೂಗಿನ ವಿಷಯ ಬಿಟ್ಟು. ಅವನ ಮುಖ ಅರಳಿತು.

"ಅದರ ಹುಟ್ಟು ಕೇಳ್ತೀಯಾ? ಹೆತ್ತವರು ಇಬ್ಬರು. ಇಬ್ಬರೂ ಬಾರ್ ಇಟ್ಟೋರು. ಸಾಯೋವರೆಗೂ 'ನನ್ನ ಕೂಸು, ನನ್ನ ಕೂಸು' ಅಂತ ಕಿತ್ತಾಡಿದರು. ಒಬ್ಬ ಹಳೇ ರಮ್ಮಿಗೆ ನಿಂಬೆ, ಕಿತ್ತಳೆ ಮದ್ಯ, ಬಾದಾಮಿ ಪಾನಕ ಹಾಕಿದ. ಇನ್ನೊಬ್ಬ ಚಕ್ಕೋತದ ರಸ, ಸೋಂಪು ಅದೂ ಇದೂ ಹಾಕಿ, ನಂದೇ ಮೊದಲು ಅಂದ. ಮೊದಲನೆಯವನ ಗ್ಲಾಸು ಕುಡಿದ ದ್ವೀಪದ ಗೆಳತಿಯೊಬ್ಬಳು ಅವಳ ಭಾಷೇಲಿ ಬಲು ಚೆನ್ನ ಅಂದಳಂತೆ. ಅದೇ ಹೆಸರಾಯ್ತಂತೆ."

ಅಮ್ಮ ಇದ್ದಾಗ ಈ ಹೆಸರು ಕೇಳಿದಾಗಲೆಲ್ಲ, "ಯಾರ ತಾಯೀನೋ ಅದು?" ಎಂದು ತಮ್ಮನನ್ನು ರೇಗಿಸುತ್ತಿದ್ದಳು. ಅದನ್ನು ನೆನೆದು ಇಬ್ಬರೂ ನಕ್ಕೆವು.

"ಆಮೇಲೆ?"

"ಆಮೇಲೇನು, ಜನ ಮುಗಿಬಿದ್ದರು. ಆ ಹಳೇ ರಮ್ ಇದ್ದದ್ದೇ ಸ್ವಲ್ಪ. ಕುಡಿದೂ ಕುಡಿದೂ ಖಾಲಿ ಮಾಡಿದರು. ಲೋಕದಲ್ಲೇ ಮುಗೀತು. ಆಮೇಲೆ ಎರಡು ರಮ್ ಬೆರೆಸಿ ಹಳೇದರ ಹಾಗೆ ಮಾಡೋಕೆ ಹೊರಟರು. ದ್ವೀಪದ ಹೋಟೆಲಿಗೆ ಹೋದಾಗ ಅನಾನಸ್ ಸೇರ್ತು. ನಾನು ಇಲ್ಲಿ ಬಾದಾಮಿ ಸಿಗದೆ ಒಂದು ಸಲ ಹುರಿದ ಗೋಡಂಬಿ ಹಾಕಿದೆ."

"ಅಂದ್ರೆ ಮೊದಲನೇದರ ರುಚಿ ಈಗ ಯಾರಿಗೂ ಗೊತ್ತಿಲ್ವಾ?"

"ಗೊತ್ತಿದ್ದೋರೆಲ್ಲ ಹೋದರು. ಈಗಿರೋದು ನೆನಪಿನ ನೆನಪು. ಆದ್ರೂ ಎಲ್ಲರೂ ಎದೆ ತಟ್ಟಿ ಅಸಲಿ ಅಂತ ಮಾರ್ತಾರೆ. ನಾಲಿಗೆ ರುಚಿ ಕಾಣದ್ದನ್ನ ನಾಲಿಗೆಯಿಂದ ಹೇಳಬಾರದು ಕಣೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕೈ ಮೂಗಿಗೆ ಹೋಯಿತು. ಮಾವ ಕಿಟಕಿಯ ಕಡೆ ನೋಡುತ್ತಿದ್ದ, ಪುಣ್ಯ.

ಮಾರ್ಚ್ ೧೧, ಮಂಗಳವಾರ

ಇವತ್ತು ಮರ್ಯಾದೆ ಹೋಯಿತು.

ನಮ್ಮ ಕೌಂಟರಿನಲ್ಲಿ ಒಂದು ಪದ್ಧತಿ ಇದೆ. ಕೆಟ್ಟುಹೋದದ್ದನ್ನು ಗಿರಾಕಿಗಳ ಎದುರು ಚೆಲ್ಲುವುದಿಲ್ಲ. ಬಾಟಲಿಯ ಚೀಟಿಯನ್ನು ಗೋಡೆಯ ಕಡೆ ತಿರುಗಿಸಿ ಇಡುತ್ತೇವೆ. ಬೆನ್ನು ತೋರಿಸಿದ ಬಾಟಲಿ ಅಂದರೆ ಸತ್ತ ಬಾಟಲಿ, ಯಾರೂ ಮುಟ್ಟುವುದಿಲ್ಲ, ಬಾಗಿಲು ಹಾಕಿದ ಮೇಲೆ ಮೋರಿಗೆ. ಇವತ್ತು ಆಹ್ವಾನ ಪತ್ರಿಕೆಗೆ ಫೋಟೋ ತೆಗೆಯುವವನು ಬಂದಿದ್ದ. ಸಾಲು ಚೆನ್ನಾಗಿ ಕಾಣಲಿ ಎಂದು ನಾನು ಎಲ್ಲ ಬಾಟಲಿಗಳನ್ನೂ ಮುಂದಕ್ಕೆ ತಿರುಗಿಸಿದೆ. ಅದರಲ್ಲಿ ಸತ್ತದ್ದೊಂದು ಎದ್ದು ನಿಂತಿತು, ಬಾದಾಮಿ ಪಾನಕ. ಎಣ್ಣೆ ಬಿಟ್ಟು ಕಮಟಾಗಿತ್ತಂತೆ. ಕಮಟು ನಾಲಿಗೆಗೆ ಸಿಗುವುದಿಲ್ಲ, ಮೂಗಿಗೇ ಸಿಗಬೇಕು. ನಾನು ಅದನ್ನೇ ಬೆರೆಸಿ, ಸ್ಟ್ರಾ ಅದ್ದಿ, ತಲೆಯಾಡಿಸಿ, ಗ್ಲಾಸನ್ನು ಹಲ್ಲಿನ ಡಾಕ್ಟರ ಮುಂದೆ ಇಟ್ಟೆ. ಅವರು ನಮ್ಮ ಖಾಯಂ ಗಿರಾಕಿ, ಎಂದೂ ದೂರು ಹೇಳಿದವರಲ್ಲ.

"ಇದೇನಮ್ಮಾ, ಹಳೇ ತಲೆಯೆಣ್ಣೆ ಕುಡಿಸ್ತಾ ಇದ್ದೀರಾ?"

ನಾನು ಏನು ಮಾಡಬೇಕಿತ್ತು? ಕ್ಷಮೆ ಕೇಳಬೇಕಿತ್ತು. ಮಾಡಿದ್ದು ಬೇರೆ. ಎಲ್ಲರೆದುರು ಉದ್ದಣ್ಣನ ಮೇಲೆ ಹರಿಹಾಯ್ದೆ. ಉದ್ದಣ್ಣ ನನ್ನ ಕೈಕೆಳಗಿನ ಬಾರ್ಟೆಂಡರ್, ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ, ಮಾತು ಮೊಳಕ್ಕೊಂದು. "ಪಾನಕ ಮಾಡೋಕೂ ಬರಲ್ವಾ?" ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಅವನು ಬಾಟಲಿ ತೆಗೆದು ಮೂಸಿದ, ನನ್ನನ್ನು ನೋಡಿದ, ಮತ್ತೆ ಮೂಸಿದ.

"ನಾನಿದನ್ನ ಬೆಳಿಗ್ಗೆನೇ ತಿರುಗಿಸಿದ್ದೆ ಅಕ್ಕ."

ಅಷ್ಟೇ ಅಂದ. ಆ ನೋಟ ನನಗೆ ಹಿಡಿಸಲಿಲ್ಲ.

ಮಾರ್ಚ್ ೧೩, ಗುರುವಾರ

ಸಿಕ್ಕಿಬಿದ್ದೆ.

ಉದ್ದಣ್ಣ ಎರಡು ಪುಟ್ಟ ಲೋಟ ತಂದಿಟ್ಟ. "ಅಕ್ಕ, ಹೊಸ ಪಾನಕ. ಯಾವುದು ಪರವಾಗಿಲ್ಲ ನೋಡಿ." ಎರಡನ್ನೂ ಮೂಸಿದೆ, ಸ್ಟ್ರಾ ಅದ್ದಿದೆ, ಎಡಗಡೆಯದ್ದರಲ್ಲಿ ಬಾದಾಮಿ ಗಾಢವಾಗಿದೆ ಎಂದು ಗಂಭೀರವಾಗಿ ತೀರ್ಪು ಕೊಟ್ಟೆ.

"ಅಕ್ಕ, ಎಡಗಡೇದು ಬರೀ ಸಕ್ಕರೆ, ಹಾಲು."

ಐಸ್ ತರುವ ನೆಪದಲ್ಲಿ ಒಳಗೆ ಹೋಗಿ ಫ್ರೀಜರಿನ ಬಾಗಿಲು ತೆರೆದು ಅಲ್ಲೇ ನಿಂತೆ. ಇನ್ನು ಅವನು ಮ್ಯಾನೇಜರಿಗೆ ಹೇಳುತ್ತಾನೆ. ಯಾಕೆ ಹೇಳಬಾರದು? ನಾನು ಹೋದರೆ ಆ ಜಾಗ ಅವನದ್ದೇ. ನಾನಾಗಿದ್ದರೆ ಹೇಳುತ್ತಿದ್ದೆ.

ಮಾರ್ಚ್ ೧೫, ಶನಿವಾರ

ಹೇಳಿಲ್ಲ. ಉದ್ದಣ್ಣ ಯಾರಿಗೂ ಹೇಳದಿರುವುದೇ ಹೆದರಿಕೆ. ಬಿಸಿತುಪ್ಪದ ಹಾಗೆ, ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ. ಅವನ ಮನಸ್ಸಿನಲ್ಲಿ ಏನಿದೆ?

ನಿನ್ನೆಯಿಂದ ನಾನು ಬೆರೆಸಿದ ಪ್ರತಿ ಗ್ಲಾಸಿಗೂ ಅವನೂ ಒಂದು ಸ್ಟ್ರಾ ಅದ್ದುತ್ತಾನೆ. ಮರದ ಕೌಂಟರಿನ ಕೆಳಗೆ ಬೆರಳಿನಿಂದ ತಟ್ಟುತ್ತಾನೆ. ಒಂದು ಸಲ ತಟ್ಟಿದರೆ ಸರಿ, ಎರಡು ಸಲ ತಟ್ಟಿದರೆ ಇಲ್ಲ. ಮೇಲೆ ಇಟ್ಟ ನನ್ನ ಅಂಗೈಗೆ ಅದು ತಿಳಿಯುತ್ತದೆ, ಬೇರೆ ಯಾರಿಗೂ ಇಲ್ಲ. ಕೇಳಿ ಮಾಡಿದ್ದಲ್ಲ, ಹೇಳಿ ಮಾಡಿದ್ದಲ್ಲ. ಊರುಗೋಲು ಅಂದುಕೊಳ್ಳಬೇಕೋ ಬೇಹುಗಾರ ಅಂದುಕೊಳ್ಳಬೇಕೋ ತಿಳಿಯದು. ಎರಡು ಸಲ ತಟ್ಟಿದಾಗ ಸಿಟ್ಟು ಬರುತ್ತದೆ. ಆದರೂ ಸದ್ದಿಲ್ಲದೆ ಗ್ಲಾಸು ಹಿಂದಕ್ಕೆ ಎಳೆದುಕೊಳ್ಳುತ್ತೇನೆ.

ಮಾರ್ಚ್ ೧೯, ಬುಧವಾರ

ಆಹ್ವಾನ ಪತ್ರಿಕೆ ಅಚ್ಚಾಗಿ ಬಂದಿದೆ. ನನ್ನ ಫೋಟೋ ಕೆಳಗೆ ಒಂದು ಸಾಲು: ಮುಖ್ಯ ಬಾರ್ಟೆಂಡರ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಯಾವ ಗ್ಲಾಸು ಯಾವ ಕಾಲದ್ದು ಎಂದು ಹೇಳಲಿದ್ದಾರೆ!

"ಯಾರನ್ನ ಕೇಳಿ ಹಾಕಿದ್ರಿ ಸರ್?"

"ನಿಮಗೇನು ಮೇಡಂ, ನೀರು ಕುಡಿದಷ್ಟು ಸುಲಭ. ಜನಕ್ಕೆ ಆಟ ಬೇಕು. ಒಡತಿಗೆ ತುಂಬಾ ಇಷ್ಟ ಆಯ್ತು."

ಆಗುವುದಿಲ್ಲ ಅನ್ನಲು ಕಾರಣ ಬೇಕು. ಕಾರಣ ಒಂದೇ ಇದೆ, ಅದನ್ನೇ ಹೇಳುವಂತಿಲ್ಲ. ತಲೆಯಾಡಿಸಿ ಬಂದೆ.

ಮಾರ್ಚ್ ೨೦, ಗುರುವಾರ

ಅಭ್ಯಾಸಕ್ಕೆ ಕೂತೆವು. ಗಿರಾಕಿಗಳಿಲ್ಲದ ಮಧ್ಯಾಹ್ನ. ಉದ್ದಣ್ಣ ಬೆರೆಸಿದ, ನಾನು ಕಣ್ಣು ಮುಚ್ಚಿ ಕುಡಿದೆ. ಅನಾನಸ್ಸಿನದ್ದು ಸುಲಭ: ಅನಾನಸ್ ರಸ ಕುಲುಕಿದರೆ ನೊರೆ ಕಟ್ಟುತ್ತದೆ, ತುಟಿಗೆ ತಿಳಿಯುತ್ತದೆ. ಚಕ್ಕೋತದ್ದು ನಾಲಿಗೆಯ ಹಿಂಬದಿಗೆ ಕಹಿ. ಹುರಿದ ಗೋಡಂಬಿಯದ್ದೂ ಬಾದಾಮಿಯದ್ದೂ ಒಂದೇ ಹಾಗೆ ಬಾಯಿಗೆ ಅಂಟುತ್ತವೆ. ಒಂದೇ ಹಳೆಯ ರಮ್ಮಿನದ್ದಕ್ಕೂ ಎರಡು ಬೆರೆಸಿದ್ದಕ್ಕೂ ವ್ಯತ್ಯಾಸ ಬರೀ ಪರಿಮಳದಲ್ಲಿ. ಅಲ್ಲಿ ನಾನು ಮುಗಿದೆ.

"ನಾನು ತಟ್ತೀನಿ ಅಕ್ಕ" ಅಂದ. "ಒಂದೇ ರಮ್ಮಿಗೆ ಒಂದು ಸಲ, ಬೆರಕೆ ರಮ್ಮಿಗೆ ಎರಡು, ಗೋಡಂಬಿಗೆ ಮೂರು. ನೀವು ಕೈ ಕೌಂಟರ್ ಮೇಲೆ ಇಟ್ಕೊಳ್ಳಿ ಸಾಕು."

"ನಿನಗೇನು ಲಾಭ?"

ಅವನು ನಿಂಬೆ ಹಿಂಡುವುದನ್ನು ನಿಲ್ಲಿಸಲಿಲ್ಲ. "ಬಾರು ಮುಚ್ಚಿದ್ರೆ ನಾನು ಕಾಫಿ ಕಲೀಬೇಕಲ್ಲ. ನನಗೆ ಕಾಫಿ ಕಂಡ್ರೆ ಆಗಲ್ಲ."

ನನಗೆ ನಗು ಬಂತು, ನಗಲಿಲ್ಲ. ಚಕ್ಕೋತದ ಗ್ಲಾಸಿಗೆ ಸೋಂಪಿನ ಅರ್ಕ ಸುರಿಯುವ ಅವನ ಕೈ ನೋಡಿ, ಜಾಸ್ತಿಯಾಯಿತು ಎಂದು ಬೈದೆ. ನಾವು ಕೊನೆಗೆ ಅದನ್ನು ಒಂದೇ ತೊಟ್ಟಿಗೆ ಇಳಿಸಿದೆವು.

ಮಾರ್ಚ್ ೨೪, ಸೋಮವಾರ

ನಾಲ್ಕು ವಸ್ತು ಮೂಸುವುದನ್ನು ಬಿಟ್ಟಿದ್ದೇನೆ. ಒಣಗಿದ ನಿಂಬೆಯನ್ನು ಮೂಗಿಗೆ ಹಿಡಿದು ನಿಂತಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಬರುವುದಿದ್ದರೆ ಬರಲಿ, ಇಲ್ಲದಿದ್ದರೆ ಹಾಳಾಗಿ ಹೋಗಲಿ.

ಮಾರ್ಚ್ ೨೮, ಶುಕ್ರವಾರ

ನಾಳೆ. ಮಾವನೂ ಬರುತ್ತಾನಂತೆ, ಕೋಟನ್ನು ಇಸ್ತ್ರಿಗೆ ಕೊಟ್ಟಿದ್ದಾನೆ. ಬೇಡ ಅನ್ನಲು ಬಾಯಿ ಬರಲಿಲ್ಲ.

ಮೊದಲನೆಯ ಗ್ಲಾಸಿನ ಬಗ್ಗೆ ನಾವು ಒಂದು ತೀರ್ಮಾನ ಮಾಡಿದ್ದೇವೆ. ಉದ್ದಣ್ಣನದ್ದೇ ಸಲಹೆ, ನಾನು ಒಪ್ಪಿದೆ. ಮ್ಯಾನೇಜರಿಗೆ ಹೇಳಿಲ್ಲ.

ಮಾರ್ಚ್ ೩೦, ಭಾನುವಾರ

ನಿನ್ನೆಯದನ್ನು ಇವತ್ತು ಬಿಸಿಲಲ್ಲಿ ಕೂತು ಬರೆಯುತ್ತಿದ್ದೇನೆ.

ಬಾರು ತುಂಬಿತ್ತು. ಒಡತಿ ಮುಂದಿನ ಸಾಲಿನಲ್ಲಿ, ಬೆಳ್ಳಿ ಕೂದಲಿನ ಸಣ್ಣ ಹೆಂಗಸು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿಗೆ ಕಾದವರಂತೆ ಕೂತಿದ್ದರು. ಅವರ ಹಿಂದೆ ಮಾವ, ಹಲ್ಲಿನ ಡಾಕ್ಟರು. ನಾನು ಮೊದಲ ಗ್ಲಾಸನ್ನು ಕೌಂಟರಿನ ಮೇಲೆ ಇಟ್ಟೆ. ಖಾಲಿ ಗ್ಲಾಸು. ಜನ ಕತ್ತು ಉದ್ದ ಮಾಡಿದರು.

"ಇದು ಮೊದಲನೇ ಮಾಯ್ ಟಾಯ್" ಅಂದೆ. "ಆ ರಮ್ ಮುಗಿದುಹೋಗಿದೆ. ಅದರ ರುಚಿ ನೋಡಿದೋರು ಇಲ್ಲಿ ಯಾರೂ ಇಲ್ಲ, ನಾನೂ ಇಲ್ಲ. ಅಸಲಿ ಅಂತ ಯಾರಾದ್ರೂ ಮಾರಿದ್ರೆ ನಂಬಬೇಡಿ. ಇನ್ಮೇಲೆ ಬರೋದೆಲ್ಲ ಅದನ್ನ ಹುಡುಕಿಕೊಂಡು ಹೊರಟೋರ ಗ್ಲಾಸುಗಳು."

ಮ್ಯಾನೇಜರ ಮುಖ ಬಿಳುಚಿತು. ಒಡತಿ ಮಾತ್ರ ಚೀಲವನ್ನು ಕೆಳಗಿಟ್ಟರು. ಉಳಿದವನ್ನು ಬೆರೆಸುತ್ತಾ ಕಥೆ ಹೇಳಿದೆ: ಇಬ್ಬರು ಹೆತ್ತವರ ಜಗಳ, ಈಗ ಸಿಗುವ ಒಂದೇ ಹಳೆಯ ರಮ್ಮಿನ ನಕಲು, ಬೆರಕೆ ರಮ್, ಅನಾನಸ್, ಮಾವನ ಗೋಡಂಬಿ. ಗೋಡಂಬಿಯ ಹೊತ್ತಿಗೆ ಎಲ್ಲರೂ ತಿರುಗಿ ಮಾವನನ್ನು ನೋಡಿದರು, ಅವನು ಕೋಟಿನ ಗುಂಡಿ ಸರಿಮಾಡಿಕೊಂಡ. ಉದ್ದಣ್ಣನ ಬೆರಳು ಎಲ್ಲಕ್ಕೂ ಒಂದೇ ಸಲ ತಟ್ಟಿತು. ಆಮೇಲೆ ಆಟ.

ಕಣ್ಣಿಗೆ ಕಟ್ಟಿದ ಬಟ್ಟೆ ಯಾವ ಬೀರುವಿನಲ್ಲಿ ಬಿದ್ದಿತ್ತೋ, ಮುಗ್ಗಲು. ಒಡತಿಯೇ ಎದ್ದು ಬಂದು ಗ್ಲಾಸುಗಳನ್ನು ಅದಲು ಬದಲು ಮಾಡಿ ಒಂದೊಂದಾಗಿ ನನ್ನ ಕೈಗೆ ಕೊಟ್ಟರು. ಕೊಡುವ ಮೊದಲು ಉದ್ದಣ್ಣ ಸ್ಟ್ರಾ ಅದ್ದುತ್ತಿದ್ದ, ಅದು ನಮ್ಮ ಬಾರಿನ ಪದ್ಧತಿ ಎಂದು ಯಾರೂ ಏನೂ ಅನ್ನಲಿಲ್ಲ. ಮೊದಲನೆಯದು ನೊರೆ. ಅನಾನಸ್ ಅಂದೆ. ಚಪ್ಪಾಳೆ, ಅದು ನನ್ನದೇ. ಎರಡನೆಯದು ಬಾಯಿಗೆ ಅಂಟಿತು. ಗೋಡಂಬಿಯೋ ಬಾದಾಮಿಯೋ, ಅಂಗೈಗೆ ಮೂರು ಸಲ ತಟ್ಟಿದ್ದು ಬಂತು. ಗೋಡಂಬಿ ಅಂದೆ. ಇನ್ನೂ ದೊಡ್ಡ ಚಪ್ಪಾಳೆ. ಮಾವನ ಚಪ್ಪಾಳೆ ಅದರಲ್ಲಿ ಬೇರೆಯಾಗಿ ಕೇಳಿಸಿತು, ಅವನು ಅಂಗೈ ಬಗ್ಗಿಸಿ ತಟ್ಟುತ್ತಾನೆ. ಆ ಚಪ್ಪಾಳೆ ನನ್ನದಲ್ಲ. ಪಕ್ಕದಲ್ಲಿ ಬೆನ್ನು ಬಗ್ಗಿಸಿ ನಿಂತವನದ್ದು. ಅದನ್ನು ನಾನು ತಗೊಂಡೆ.

ಮೂರನೆಯ ಗ್ಲಾಸು ಬಂತು. ಕುಡಿದೆ. ಸಿಹಿ, ಹುಳಿ, ಉರಿ. ಕೌಂಟರಿನ ಕೆಳಗೆ ಎರಡು ಸಲ ತಟ್ಟಿತು, ಸ್ಪಷ್ಟವಾಗಿ. ಬೆರಕೆ ರಮ್ ಅಂದರೆ ಮುಗಿಯಿತು. ಬಾಯಿ ತೆರೆದೆ.

ಬಟ್ಟೆ ಎಳೆದು ತೆಗೆದೆ.

"ನನಗೆ ಗೊತ್ತಾಗ್ತಿಲ್ಲ" ಅಂದೆ. "ಜ್ವರ ಬಂದಾಗಿನಿಂದ ನನಗೆ ವಾಸನೆ ಇಲ್ಲ. ಈ ಸಂಜೆ ನೀವು ಕುಡಿದದ್ದನ್ನೆಲ್ಲ ನಾನು ಬೆರೆಸಿದೆ, ರುಚಿ ನೋಡಿದ್ದು ಇವನು. ಈಗ ಹೇಳಿದ ಗೋಡಂಬೀನೂ ಇವನೇ ಹೇಳಿಕೊಟ್ಟದ್ದು."

ಉದ್ದಣ್ಣ ಮೊದಲ ಸಲ ನೆಟ್ಟಗೆ ನಿಂತ. ಒಡತಿ ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡು ಒಂದು ಗುಟುಕು ಕುಡಿದರು.

"ಹಾಗಾದ್ರೆ ಇದನ್ನ ಮಾಡಿದೋರು ಯಾರಮ್ಮ?"

"ಇಬ್ಬರು."

"ಮತ್ತೆ ಜಗಳ ಎಲ್ಲಿ?" ಅಂದರು. ಯಾರೋ ನಕ್ಕರು. ಹಲ್ಲಿನ ಡಾಕ್ಟರಿರಬೇಕು. ನನಗೆ ನಗುವ ಶಕ್ತಿ ಇರಲಿಲ್ಲ, ಅಳು ಬಂತು, ಅತ್ತೆ.

ಮಾವ ನನ್ನ ಜೊತೆಯೇ ಮನೆಗೆ ಬಂದ. ಮನೆಯ ಬೀಗ ತೆಗೆಯುವಾಗ, "ಅದಕ್ಕೇ ಹಾಲು ಸೀದಿದ್ದು" ಅಂದ. ಒಳಗೆ ಹೋಗಿ ನನಗೆ ಹಾಸಿಗೆ ಹಾಸಿದ.

ಏಪ್ರಿಲ್ ೪, ಶುಕ್ರವಾರ

ತೀರ್ಮಾನ ಬಂತು. ಬಾರು ಉಳಿಯುತ್ತದೆ. ಮುಖ್ಯಸ್ಥ ಉದ್ದಣ್ಣ. ನಾನು ಅವನ ಕೈಕೆಳಗೆ, ಒಪ್ಪಿದರೆ.

ಇದನ್ನು ಹೇಳಲು ಮ್ಯಾನೇಜರು ಬಂದಾಗ ನಾನು ಪೆಟ್ಟಿಗೆಯ ಮೇಲೆ ಕೂತಿದ್ದೆ. ಅವರು ಮೂಲೆ ತಿರುಗುವ ಮೊದಲೇ ಎದ್ದು ಬಟ್ಟೆ ಹಿಡಿದು ಒರೆಸುತ್ತಿದ್ದೆ, ಹಳೇ ಅಭ್ಯಾಸ. "ನ್ಯಾಯವಾಗಿದೆ ಸರ್" ಅಂದೆ. ನ್ಯಾಯವೇ. ಆದರೂ ಹೊಟ್ಟೆಯಲ್ಲಿ ಉರಿಯಿತು, ಸುಳ್ಳು ಯಾಕೆ ಹೇಳಲಿ. ನನ್ನ ಜಾಗ ಅದು. ಮಾವನ ಜಾಗ.

ಉದ್ದಣ್ಣ ಹತ್ತಿರ ಬಂದು, "ನೀವು ಬೇಡ ಅಂದ್ರೆ ನಾನೂ ಬೇಡ ಅಂತೀನಿ ಅಕ್ಕ" ಅಂದ.

"ಜಾಸ್ತಿ ಮಾತಾಡಬೇಡ, ನಿನಗೆ ಒಗ್ಗಲ್ಲ. ಐಸ್ ತುಂಬಿಸು" ಅಂದೆ. ತುಂಬಿಸಿದ. ಮುಖ್ಯಸ್ಥನಾದವನು ಐಸ್ ತುಂಬಬಾರದು ಎಂದು ಅವನಿಗೆ ಇನ್ನೂ ಕಲಿಸಬೇಕು.

ಏಪ್ರಿಲ್ ೯, ಬುಧವಾರ

ನಿನ್ನೆ ಕಾಲಿಡಲು ಜಾಗವಿಲ್ಲದಷ್ಟು ಜನ. ಖಾಲಿ ಗ್ಲಾಸಿನ ಕಥೆ ಊರೆಲ್ಲ ಹಬ್ಬಿದೆ. ಬಂದವರೆಲ್ಲ ಅದನ್ನೇ ಮೊದಲು ಇಡಿ ಅನ್ನುತ್ತಾರೆ. ಏನೂ ಇಲ್ಲದ ಗ್ಲಾಸಿಗೆ ಇಷ್ಟು ಬೇಡಿಕೆ ನಾನು ಕಂಡಿರಲಿಲ್ಲ.

ಗಡಿಬಿಡಿಯ ಮಧ್ಯೆ ಬಾದಾಮಿ ಪಾನಕ ಮುಗಿಯಿತು. ಉಗ್ರಾಣದಿಂದ ಹೊಸದು ಬಂತು, ಬಾದಾಮಿಯ ಮೂಟೆ ಬದಲಾದ ಮೇಲೆ ಮಾಡಿದ್ದು. ಮುಚ್ಚಳ ತೆಗೆದೆ, ತಕ್ಷಣ ಹಾಕಿದೆ. ಬಾಟಲಿಯ ಬೆನ್ನು ತಿರುಗಿಸಿ ಇಟ್ಟೆ.

"ಅಕ್ಕ, ಅದು ಹೊಸದು."

"ಹೊಸದಾದ್ರೇನು, ಕಮಟು. ಆ ಮೂಟೆ ವಾಪಸ್ ಕಳಿಸು. ನೋಡದೆ ತಗೋತೀಯಾ? ಮುಖ್ಯಸ್ಥ ಅಂತೆ, ಮುಖ್ಯಸ್ಥ."

ಅವನು ಬಾಟಲಿ ತೆಗೆದು ಮೂಸಿದ. ಮತ್ತೆ ಮೂಸಿದ. ಅಂಗೈಗೆ ಒಂದು ತೊಟ್ಟು ಹಾಕಿ ಉಜ್ಜಿ ಮೂಸಿದ.

"ಇದೆ ಅಕ್ಕ. ತುಂಬಾ ಸಣ್ಣಗೆ. ಉಜ್ಜಿದ ಮೇಲೇನೇ ನನಗೆ ಸಿಕ್ಕಿದ್ದು."

ಆಮೇಲೆ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಾ ನಿಂತ. ಜನ ಕಾಯುತ್ತಿದ್ದಾರೆ, ಇವನದ್ದು ಇದು. ಕೈ ಆಡಿಸು ಎಂದು ಗದರಿದೆ. ಆ ಕಡೆ ತಿರುಗಿ ಒರೆಸಿದ ಗ್ಲಾಸನ್ನೇ ಮತ್ತೆ ಮತ್ತೆ ಒರೆಸಿದ. ಕಣ್ಣಿಗೆ ಏನೋ ಬಿದ್ದಿರಬೇಕು, ತೋಳಿನಿಂದ ಉಜ್ಜಿಕೊಳ್ಳುತ್ತಿದ್ದ. ಜವಾಬ್ದಾರಿ ಹೆಚ್ಚಾಯಿತೇನೋ ಪಾಪ ಅಂದುಕೊಂಡೆ.

ಇವತ್ತು ಊಟಕ್ಕೆ ಕೂತಾಗ ಮಾವನಿಗೆ ಇದನ್ನೆಲ್ಲ ಹೇಳಿದೆ, ಹುಡುಗ ಕೆಲಸದಲ್ಲಿ ಮೈಮರೆಯುತ್ತಾನೆ ಎಂದು ದೂರಿದೆ. ಮಾವ ಪೂರ್ತಿ ಕೇಳಿದ.

"ಕಮಟು ಅಂತ ಯಾರು ಹೇಳಿದರು?"

"ಯಾರು ಹೇಳಬೇಕು ಮಾವ? ಮುಚ್ಚಳ ತೆಗೆದರೆ ಮೂಗಿಗೆ ಬಡಿಯುತ್ತೆ."

ಮಾವ ತಟ್ಟೆ ಕೆಳಗಿಟ್ಟ. ನನ್ನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮಾವ ಎದ್ದು ಅಡುಗೆಮನೆಗೆ ಹೋದ. ನಾನು ಎದ್ದು ಕೋಣೆಗೆ ಬಂದು ಇದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಅಡುಗೆಮನೆಗೆ ಹೋಗಿ ಮೂಸಿ ನೋಡಲು ಭಯವಾಗುತ್ತಿದೆ.

ಮಾವ ಅಲ್ಲಿ ಡಬ್ಬಿಗಳನ್ನು ಸರಿಸುವ ಸದ್ದು ಕೇಳುತ್ತಿದೆ. ಚಾಕು ಹುಡುಕುತ್ತಿದ್ದಾನೆ. ಹೋಗಬೇಕು, ನಿಂಬೆಹಣ್ಣನ್ನು ನಾನೇ ಕುಯ್ಯಬೇಕು.